ಅಮದಳ್ಳಿ ಮನೆಯ ಮುಳ್ಳುಗೋಡೆ

ನನ್ನ ಮಗಳ ಮಗಳು ಅಶ್ವಿನಿ ಕೋಡಿಬಾಗದಲ್ಲಿ ಮನೆ ಕಟ್ಟಿಸಿದ್ದಾಳೆ. ಹೋದ ತಿಂಗಳು ತೋರಿಸಲು ಕರೆದುಕೊಂಡು ಹೋದಳು. ಹೊಸಿಲು ದಾಟಿದ ಕೂಡಲೇ ಹಸಿ ಪುಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಬಣ್ಣ ಹೊಡೆಯುವ ಮೊದಲು ಗೋಡೆಗೆ ಬಳಿಯುತ್ತಾರಲ್ಲ, ಆ ಬಿಳಿ ಹಿಟ್ಟು. ನೀರಲ್ಲಿ ಕಲಸಿದರೆ ಶಾಲೆಮಕ್ಕಳ ಒದ್ದೆ ಪಾಟಿಯ ಹಾಗೆ ವಾಸನೆ ಬರುತ್ತದೆ. ನನ್ನ ವಯಸ್ಸಿನ ಹೆಂಗಸರಿಗೆ ಸುರಗಿ ಹೂವಿನ ವಾಸನೆಗೆ, ಹೊಸ ಅಕ್ಕಿಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಪುಟ್ಟಿಯ ವಾಸನೆಗೆ ಆಗುತ್ತದೆ. ಏನು ಮಾಡುವುದು?

ಅಲ್ಲಿದ್ದ ಪೇಂಟರ್ ಒಂದು ಹಲಗೆಯ ತುಂಡು ತಂದು ಅಶ್ವಿನಿಯ ಮುಂದೆ ಹಿಡಿದ. ಅದರ ಮೇಲೆ ಉಬ್ಬು ತಗ್ಗು, ಚೂಪು ಚೂಪು. "ಹಾಲಿನ ಒಂದು ಗೋಡೆಗೆ ಟೆಕ್ಸ್ಚರ್ ಮಾಡ್ವಾ ಮೇಡಂ. ಈಗ ಎಲ್ಲಾರೂ ಮಾಡಸ್ತ್ರು" ಎಂದ. ಅಶ್ವಿನಿ ನನ್ನ ಮುಖ ನೋಡಿದಳು. ನಾನು ಹಲಗೆ ತೆಗೆದುಕೊಂಡು ಅಂಗೈ ಉಜ್ಜಿದೆ.

"ಇದಕ್ಕೆ ಕೈ ಉಜ್ಜಿ ನೋಡಿದ್ಯಾ ತಮಾ?"

"ಗೋಡೆಗೆ ಯಾರು ಕೈ ಉಜ್ತ್ರು ಅಜ್ಜಿ?" ಎಂದು ನಕ್ಕ.

"ಉಜ್ಜೂರು ಇರ್ತ್ರು" ಎಂದು ಹಲಗೆ ಅವನ ಕೈಗೆ ಕೊಟ್ಟೆ. ಯಾರು ಅಂತ ಅವನು ಕೇಳಲಿಲ್ಲ. ಅಶ್ವಿನಿ ಕೇಳಿದಳು. ಬಾಯಲ್ಲಿ ಹೇಳಿದರೆ ನೀವು ಮೊಬೈಲು ನೋಡುತ್ತ ಕೇಳುತ್ತೀರಿ, ಬರೆದು ಕೊಡುತ್ತೇನೆ ಎಂದೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ಅವಳು ತಿದ್ದಲಿ. ಸಂಗತಿ ತಿದ್ದುವುದು ಬೇಡ.

ಎರಡು ಸಾವಿರದ ಐದೋ ಆರೋ. ದಂಡೆಯ ಮೇಲಿದ್ದ ನಮ್ಮ ಊರನ್ನು ನೌಕಾನೆಲೆಗೆ ಬಿಟ್ಟುಕೊಟ್ಟು ಅಮದಳ್ಳಿಯ ಹೊಸ ಕಾಲೊನಿಗೆ ಬಂದು ಐದಾರು ವರ್ಷವಾಗಿತ್ತು. ಹಳೆ ಮನೆಯದು ಮಣ್ಣಿನ ಗೋಡೆ. ಮಳೆ ಮುಗಿದ ಮೇಲೆ ಪ್ರತಿ ವರ್ಷ ಕೆಮ್ಮಣ್ಣು ಕಲಸಿ ಬಳಿದು, ಅಂಗೈಯಲ್ಲಿ ಸವರಿ, ಒಂದು ಕರಿಕಲ್ಲಿನಲ್ಲಿ ತಿಕ್ಕಿ ನುಣ್ಣಗೆ ಮಾಡುವುದು ನನ್ನ ಕೆಲಸವಾಗಿತ್ತು. ಹೊಸ ಮನೆಗೆ ಸಿಮೆಂಟಿನ ಗೋಡೆ. ಅದಕ್ಕೆ ನನ್ನ ಕೈ ಬೇಕಾಗಿರಲಿಲ್ಲ.

ಮಗ ಉಮೇಶ ಗೋವಾದ ಮಡಗಾಂವದಲ್ಲಿ ಪೇಂಟಿಂಗ್ ಕೆಲಸಕ್ಕಿದ್ದ. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಸಂಜೆ ಬರುತ್ತಿದ್ದ. ಅಲ್ಲಿ ದೊಡ್ಡ ದೊಡ್ಡ ಹೋಟೆಲುಗಳ ಗೋಡೆಗೆ ಈ ಟೆಕ್ಸ್ಚರ್ ಮಾಡುವುದನ್ನು ಕಲಿತ. ಕಲಿತವನು ಸುಮ್ಮನಿದ್ದಾನೆಯೇ? ಬಿಳಿ ಸಿಮೆಂಟಿಗೆ ದಪ್ಪ ಮರಳು ಕಲಸಿ, ಗೋಡೆಗೆ ಮೆತ್ತಿ, ರೋಲರ್ ಒತ್ತಿ ಎಳೆದ. ಎಳೆದಲ್ಲೆಲ್ಲ ಮುಳ್ಳು ಎದ್ದು ನಿಂತು ಹಾಗೇ ಗಟ್ಟಿಯಾಯಿತು. ಹಾಲು, ಬಚ್ಚಲಿಗೆ ಹೋಗುವ ಓಣಿ, ಒಂದನ್ನೂ ಬಿಡಲಿಲ್ಲ. ಟ್ಯೂಬ್‌ಲೈಟನ್ನು ಓರೆಯಾಗಿ ಹಾಕಿ ನೆರಳು ಬೀಳುವ ಹಾಗೆ ಮಾಡಿದ. ಕಾಲೊನಿಯ ಜನ ನೋಡಲು ಬಂದರು. ನನಗೆ ಹೇಗೆ ಕಾಣುತ್ತದೆ ಎಂದು ಕೇಳಿದ. ಹಲಸಿನಕಾಯಿಯ ಸಿಪ್ಪೆಯ ಹಾಗೆ ಕಾಣುತ್ತದೆ ಎಂದೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನನ್ನ ಗಂಡನ ಹೆಸರು ದಾಮು. ನಲವತ್ತು ವರ್ಷ ದೋಣಿಯ ತಾಂಡೇಲರಾಗಿದ್ದವರು. ತಾಂಡೇಲ ಎಂದರೆ ಬಲೆ ಎಲ್ಲಿ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವವನು. ಉಳಿದವರು ಹೇಳಿದ ಹಾಗೆ ಕೇಳುವವರು. ಸಕ್ಕರೆ ಕಾಯಿಲೆ ಮೊದಲು ಅವರ ಬಲಗಣ್ಣು ತಿಂದಿತು, ಆಮೇಲೆ ಎಡಗಣ್ಣು. ಉಮೇಶ ಗೋಡೆ ಮಾಡುವ ಹೊತ್ತಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಮನೆಯೊಳಗೆ ಗೋಡೆ ಸವರಿಕೊಂಡು ಓಡಾಡುತ್ತಿದ್ದರು. ಆ ಗೋಡೆ ಅವರ ಕೈಯನ್ನು ತಿಂದಿತು. ದಿನಾ ಒಂದು ಗೀರು. ಒಂದು ಗೀರು ಕಿರುಬೆರಳಿನ ಬುಡದಲ್ಲಿ ಗಾಯವಾಗಿ ಎರಡು ತಿಂಗಳು ಒಣಗಲಿಲ್ಲ. ಕಾರವಾರದ ಡಾಕ್ಟರರು, "ಇನ್ನೊಂದು ಗಾಯ ಆದರೆ ಬೆರಳು ಉಳಿಯುವುದಿಲ್ಲ" ಎಂದರು.

ಅಲ್ಲಿಂದ ಇವರು ಮಂಚ ಹಿಡಿದರು. ಬಚ್ಚಲಿಗೆ ಹೋಗಬೇಕಾದರೆ ನಾನೋ ಸೊಸೆ ಶೈಲಾಳೋ ಕೈ ಹಿಡಿಯಬೇಕು. ಸೊಸೆಯನ್ನು ಕರೆಯಲು ನಾಚಿಕೆ, ನನ್ನನ್ನು ಕರೆಯಲು ಸಿಟ್ಟು. ಅದಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ನಾಲ್ಕು ತಿಂಗಳಲ್ಲಿ ಮೀನಖಂಡ ಸೊರಗಿ ಕಾಲು ಹುಟ್ಟುಗೋಲಿನ ಹಾಗಾಯಿತು. ಹೀಗೇ ಕೂತರೆ ಮುಂದಿನ ವರ್ಷ ಎಬ್ಬಿಸಿದರೂ ಏಳುವುದಿಲ್ಲ ಎಂದು ಡಾಕ್ಟರರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ನಾನು ಬಂದು ಎಲ್ಲರ ಮುಂದೆ ಹೇಳಿದೆ. ಮುಚ್ಚಿಟ್ಟು ಏನು ಮಾಡುವುದಿತ್ತು?

ಉಮೇಶನೂ ಸುಮ್ಮನೆ ಕೂರಲಿಲ್ಲ. ಒಂದು ಶನಿವಾರ ನೈಲಾನ್ ಹಗ್ಗ ತಂದು ಮಂಚದ ಕಾಲಿನಿಂದ ಬಚ್ಚಲ ಬಾಗಿಲಿನ ತನಕ ಕಟ್ಟಿದ.

"ಅಪ್ಪಾ, ಇದನ್ನ ಹಿಡ್ಕಂಡು ಹೋಗೂದು, ಹಿಡ್ಕಂಡು ಬರೂದು. ಗೋಡೆ ಮುಟ್ಟೂದೇ ಬ್ಯಾಡ."

ಇವರು ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಎಂತಾ ಗಂಟೋ ಇದು? ಒಂದು ಪಾತಿದೋಣಿ ನಿಲ್ಲೂದಿಲ್ಲ ಇದಕ್ಕೆ. ಮತ್ತೆ ನಾ ಎಂತಾ ಎಮ್ಮೆಯಾ, ಕಟ್ಟಿಹಾಕೂಕೆ?"

ಮೂರನೆಯ ದಿನ ಗಂಜಿಯ ಪಾತ್ರೆ ಹಿಡಿದು ಬರುತ್ತಿದ್ದ ಶೈಲಾಳ ಕಾಲಿಗೆ ಆ ಹಗ್ಗ ಸಿಕ್ಕಿತು. ಗಂಜಿ ನೆಲಕ್ಕೆ. ಅವಳು ಹಗ್ಗ ಬಿಚ್ಚಿ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿಕೊಂಡಳು.

ಹೋಳಿಯ ಸುಗ್ಗಿ ಹಬ್ಬ ಕಳೆದ ಮೇಲೆ ಒಂದು ಸೋಮವಾರ ಉಮೇಶ ಬಸ್ಸು ಹತ್ತಿದ. ಅವನ ಬೆನ್ನು ಮರೆಯಾದ ಕೂಡಲೇ ನಾನು ಸೆರಗು ಕಟ್ಟಿದೆ. ಊರು ಬಿಡುವಾಗ ಜನ ಕಪಾಟು ತಂದರು, ದೇವರ ಪಟ ತಂದರು. ನಾನು ಅವುಗಳ ಜೊತೆ ಆ ಕರಿಕಲ್ಲನ್ನೂ ತಂದಿದ್ದೆ. ಶೈಲಾ ಅದನ್ನು ಬಾಗಿಲು ಬಡಿಯದ ಹಾಗೆ ಅಡ್ಡ ಇಡುತ್ತಿದ್ದಳು. ಗೋಡೆಗೆ ನೀರು ಚಿಮುಕಿಸಿ, ಅದೇ ಕಲ್ಲಿನಲ್ಲಿ ಮುಳ್ಳು ಮುರಿಯತೊಡಗಿದೆ. ಮುರಿದ ಮೇಲೆ ಹಳೆಯ ಕೊಯ್ತಿ ಕತ್ತಿಯ ಅಲಗಿನಲ್ಲಿ ಕೆರೆದೆ. ಶೈಲಾ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟಳು.

"ಅತ್ತೇ, ಅವ್ರು ಬಂದ್ರೆ ಎಂತಾ ಹೇಳೂದು?"

"ನಾ ಹೇಳ್ತೆ. ನೀ ನೀರು ತಾ."

ಪಕ್ಕದ ಮನೆಯ ದೇವಕಿ ಮೀನು ಮಾರಿ ಬರುವಾಗ ಸದ್ದು ಕೇಳಿ ಬುಟ್ಟಿಯ ಸಮೇತ ಒಳಗೆ ಬಂದಳು. "ಎಂತಾ ಗೋ ಗುಲಾಬಿ, ಮಗ ಮಾಡಿದ್ದನ್ನ ಸೊಸೆ ಹಾಳ್ಮಾಡೂದು ಕೇಳಿದ್ದೆ. ನೀನೇ ಮಾಡ್ತ್ಯಲೇ?"

"ನಿನ್ನ ಮನೆದೂ ಕೆರೀಬೇಕಾದ್ರೆ ಹೇಳು, ಇದು ಮುಗೀಲಿ."

"ನಮ್ದು ಬ್ಯಾಡ ಮಾರಾಯ್ತಿ. ನಮ್ಮನೆ ಗೋಡೆ ತನ್ನಷ್ಟಕ್ಕೇ ಉದುರ್ತದೆ" ಎಂದು ಹೋದಳು. ಹೋಗುವಾಗ ಎರಡು ಬಂಗಡೆ ಇಟ್ಟು ಹೋದಳು. ಅವಳ ಸ್ವಭಾವವೇ ಹಾಗೆ.

ಶುಕ್ರವಾರದ ಹೊತ್ತಿಗೆ ಓಣಿಯ ಒಂದು ಬದಿ ಬೋಳಾಯಿತು. ಉಮೇಶ ಮೂಲೆಯಲ್ಲಿಟ್ಟಿದ್ದ ಪುಟ್ಟಿಯ ಚೀಲ ಬಿಚ್ಚಿ, ಕೆಮ್ಮಣ್ಣು ಕಲಸಿದ ಹಾಗೆ ಕಲಸಿ, ಅಂಗೈಯಲ್ಲಿ ದಪ್ಪಗೆ ಬಳಿದೆ. ನೋಡಲು ಚೆನ್ನಾಗಿಯೇ ಇತ್ತು.

ಶನಿವಾರ ಬಂದವನು ಓಣಿಯಲ್ಲಿ ನಿಂತ. ಚೀಲ ಕೆಳಗಿಡಲಿಲ್ಲ. ಬೆರಳಿನ ಉಗುರನ್ನು ಗೋಡೆಗೆ ಸಿಕ್ಕಿಸಿ ಒಮ್ಮೆ ಮೀಟಿದ. ನನ್ನ ಪುಟ್ಟಿ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂದು ನೆಲಕ್ಕೆ ಬಿತ್ತು.

"ಇದೆಂತದು ಆಯಿ?"

"ಪುಟ್ಟಿ."

"ಕೆರೆದ ಮೇಲೆ ಧೂಳು ತೊಳ್ದ್ಯಾ? ಪ್ರೈಮರ್ ಹೊಡೆದ್ಯಾ? ಧೂಳಿನ ಮೇಲೆ ಬಳಿದ್ರೆ ನಿಲ್ತದ್ಯಾ?"

"ಹಳೆ ಮನೇಲಿ ಯಾವ ಪ್ರೈಮರ್ ಇತ್ತು?"

"ಅದು ಮಣ್ಣು. ಮಣ್ಣು ಮಣ್ಣನ್ನ ಹಿಡೀತದೆ. ಇದು ಸಿಮೆಂಟು!" ಎಂದು ಕೂಗಿದ. ಆಮೇಲೆ ದನಿ ಇಳಿಯಿತು. "ಹದಿನೆಂಟು ದಿನ ಹಿಡಿದಿತ್ತು ನಂಗೆ, ಈ ಗೋಡೆ ಮಾಡೂಕೆ."

ಊಟಕ್ಕೆ ಕರೆದರೆ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತ. ನಾನೂ ಕರೆಯುವುದನ್ನು ಬಿಟ್ಟೆ. ಆಗ ಇವರು ಮಂಚದಿಂದಲೇ ಮಾತಾಡಿದರು.

"ಉಮ್ಯಾ, ನಿನ್ನ ಗೋಡೆ ಚಂದ ಇತ್ತು ಹೇಳಿ ಎಲ್ಲಾರೂ ಹೇಳ್ತ್ರು. ನಾ ಕಣ್ಣಲ್ಲಿ ಕಂಡವ ಅಲ್ಲ. ನಂಗೆ ಇದರಲ್ಲಿ ಮಾತ್ರ ಕಂಡದ್ದು." ಅಂಗೈ ಮೇಲೆ ಮಾಡಿ ಹಿಡಿದರು.

ಉಮೇಶ ಒಳಗೆ ಬಂದು ಆ ಕೈಯನ್ನು ನೋಡಿದನೋ ಇಲ್ಲವೋ, ನಾನು ಅಡುಗೆಮನೆಯಲ್ಲಿದ್ದೆ. ಆದರೆ ಮಾರನೆಯ ದಿನ ಬೆಳಿಗ್ಗೆ ಹಳೆ ಅಂಗಿ ಹಾಕಿಕೊಂಡು, ನಾನು ಬಳಿದಿದ್ದನ್ನು ಪೂರ್ತಿ ಕಿತ್ತು, ಗೋಡೆಯನ್ನು ಮೂರು ನೀರಲ್ಲಿ ತೊಳೆದ. "ನಾ ಬರೂವರೆಗೆ ಕೆರೆಯೂದು, ತೊಳೆಯೂದು. ಅಷ್ಟೇ. ಪುಟ್ಟಿ ಮುಟ್ಟಿದ್ರೆ ನೋಡು" ಎಂದ. ಗೋಡೆ ಹೋದದ್ದಕ್ಕಿಂತ ಅವನ ಮನೆಯಲ್ಲಿ ಗೋಡೆಯ ಕೆಲಸ ಕೆಟ್ಟದಾಗಿ ನಡೆಯುತ್ತಿದೆ ಎಂಬುದೇ ಅವನಿಗೆ ಹೆಚ್ಚು ಕಷ್ಟವಾಗಿತ್ತು ಎಂದು ನನಗೆ ಈಗಲೂ ಅನುಮಾನ.

ಏಪ್ರಿಲ್ ಪೂರ್ತಿ ಹಾಗೇ ನಡೆಯಿತು. ವಾರವಿಡೀ ನಾನೂ ಶೈಲಾಳೂ ಕೆರೆದು ತೊಳೆಯುವುದು. ಶನಿವಾರ ಭಾನುವಾರ ಅವನು ಪ್ರೈಮರ್ ಹೊಡೆದು, ಕಬ್ಬಿಣದ ಪಟ್ಟಿಯಲ್ಲಿ ತೆಳ್ಳಗೆ ಪುಟ್ಟಿ ಎಳೆಯುವುದು. ದಪ್ಪಗೆ ಒಮ್ಮೆ ಬಳಿಯಬಾರದು, ತೆಳ್ಳಗೆ ಎರಡು ಸಲ ಎಳೆದು ನಡುವೆ ಒಣಗಲು ಬಿಡಬೇಕು ಎಂದು ಕಲಿತೆ. ಸೆಕೆಗೆ ಬೆವರು ಇಳಿದು, ಮೈಮೇಲಿನ ಬಿಳಿ ಧೂಳು ಕೆಸರಾಗುತ್ತಿತ್ತು. ಮಳೆಗಿಂತ ಮೊದಲು ಬಣ್ಣ ಮುಗಿಯಲೇಬೇಕು. ಹಸಿ ಗಾಳಿ ಬಂತೆಂದರೆ ಪುಟ್ಟಿ ಒಣಗುವುದಿಲ್ಲ, ಇನ್ನು ಆರು ತಿಂಗಳು ಕಾಯಬೇಕು ಎಂದಿದ್ದ ಉಮೇಶ. ಆರು ತಿಂಗಳು ಇವರ ಕಾಲು ಕಾಯುವ ಹಾಗಿರಲಿಲ್ಲ.

ಒಂದು ವಾರ ತಿಕ್ಕುವ ಕಾಗದ ಮುಗಿಯಿತು. ನಾನು ದಂಡೆಗೆ ಹೋಗಿ ಮಾಣಕಿ ಮೀನಿನ ಎಲುಬು ಆರಿಸಿಕೊಂಡು ಬಂದೆ. ದೋಣಿಯ ಆಕಾರದ, ಬೆಳ್ಳಗಿನ, ಹಗುರದ ಎಲುಬು. ತೆರೆ ತಂದು ಹಾಕುತ್ತದೆ. ಅದರ ಮೆದು ಬದಿಯಿಂದ ತಿಕ್ಕಿದರೆ ಪುಟ್ಟಿ ಬೆಣ್ಣೆಯ ಹಾಗಾಗುತ್ತದೆ. ಉಮೇಶ ಮೊದಲು ನಕ್ಕ. ಗೋಡೆ ಮುಟ್ಟಿದ ಮೇಲೆ ಸೋಮವಾರ ನಾಲ್ಕು ಎಲುಬು ಚೀಲಕ್ಕೆ ಹಾಕಿಕೊಂಡು ಮಡಗಾಂವಕ್ಕೆ ಹೋದ.

ಇವರು ಮಂಚದ ಮೇಲಿಂದ "ಎಲ್ಲಿವರೆಗೆ ಬಂತು?" ಎಂದು ದಿನಾ ಕೇಳುತ್ತಿದ್ದರು.

"ಎದ್ದು ನೋಡಿ."

"ಮುಗೀಲಿ, ಏಳ್ತೆ."

ಮೇ ತಿಂಗಳ ನಡುವೆ ಮುಗಿಯಿತು. ಬಣ್ಣವೊಂದು ಬಾಕಿ. ಹಾಲಿನಿಂದ ಬಚ್ಚಲಿನ ತನಕ ಒಂದು ಮುಳ್ಳಿಲ್ಲ. ನಾನು ಇವರನ್ನು ಎಬ್ಬಿಸಿ ಗೋಡೆಯ ಮೇಲೆ ಅವರ ಅಂಗೈ ಇಟ್ಟೆ. ಒಮ್ಮೆ ಮೇಲೆ ಕೆಳಗೆ ಸವರಿದರು. ಆಮೇಲೆ ನನ್ನ ಕೈ ಕೊಡವಿ ಹೊರಟರು. ಕಾಲು ನಡುಗುತ್ತಿತ್ತು, ಆದರೂ ನಡೆದರು. ನಾನು ಹಿತ್ತಲಿಗೆ ಹೋದೆ. ಹೋಗಬಾರದಿತ್ತು.

"ಅಯ್ಯೋ ಮಾವಾ! ಅದು ಅಕ್ಕಿ ಡಬ್ಬಿ!" ಎಂದು ಶೈಲಾ ಕಿರುಚಿದ್ದು ಕೇಳಿ ಓಡಿ ಬಂದೆ. ಬಚ್ಚಲು ಬರುವ ಮೊದಲೇ ತಿರುಗಿ, ಅಡುಗೆಮನೆಯನ್ನೇ ಬಚ್ಚಲು ಎಂದುಕೊಂಡು, ಅಕ್ಕಿ ಡಬ್ಬಿಯ ಮುಂದೆ ನಿಂತು ಪಂಚೆ ಎತ್ತುವುದರಲ್ಲಿದ್ದರು. ನನಗೆ ನಗು ಬಂತು. ನಕ್ಕೆ, ಗಟ್ಟಿಯಾಗಿಯೇ ನಕ್ಕೆ. ಅವರು ಪಂಚೆ ಬಿಟ್ಟು ತಿರುಗಿ, ದಾರಿ ತಪ್ಪಿ, ಶೈಲಾಳ ಕೈ ಹಿಡಿದೇ ಮಂಚಕ್ಕೆ ಬಂದು ಕೂತರು. ಎರಡು ತಿಂಗಳು ನಾನು ಕೆರೆದದ್ದು ಈ ನಗುವಿಗೆ ನೀರುಪಾಲಾಯಿತು.

ನಾಲ್ಕು ದಿನ ಏಳಲಿಲ್ಲ. ಐದನೆಯ ದಿನ ಗಂಜಿ, ಸುಟ್ಟ ಒಣಮೀನು ಮುಂದಿಟ್ಟು ಹೇಳಿದೆ: "ನನ್ನ ಮೇಲೆ ಸಿಟ್ಟಿದ್ರೆ ನನ್ನ ಬೈರಿ. ಕಾಲಿನ ಮೇಲೆ ಎಂತಕ್ಕೆ ಸಿಟ್ಟು?"

"ಸಿಟ್ಟಲ್ಲ ಗೋ" ಎಂದರು. ಗಂಜಿ ಉಂಡು ಮುಗಿಸಿ ಉಳಿದದ್ದು ಹೇಳಿದರು. "ಮಂಜು ಬಿದ್ದು ದಂಡೆ ಕಾಣದಿದ್ದಾಗ ಎಂತಾ ಮಾಡ್ತಿದ್ದೆ, ಗೊತ್ತದ್ಯಾ? ಸೀಸದ ಗುಂಡಿನ ತಳಕ್ಕೆ ಮೇಣ ಹಚ್ಚಿ ಹಗ್ಗ ಕಟ್ಟಿ ಬಿಡೂದು. ಮೇಲೆ ಎಳೆದ್ರೆ ಮೇಣಕ್ಕೆ ತಳದ್ದು ಅಂಟ್ಕಂಡು ಬತ್ತದೆ. ಮರಳು ಬಂದ್ರೆ ಒಂದು ಜಾಗ, ಕರಿ ಕೆಸರು ಬಂದ್ರೆ ಒಂದು ಜಾಗ, ಚಿಪ್ಪಿ ಚೂರು ಬಂದ್ರೆ ಕಲ್ಲು ಹತ್ರ ಅದೆ. ಹಂಗೇ ದಂಡೆ ಮುಟ್ಟೂದು. ಉಮ್ಯಾನ ಗೋಡೆಲಿ ಮುಳ್ಳಿತ್ತು. ಬಚ್ಚಲ ಹತ್ರ ಎರಡು ದೊಡ್ಡ ಮುಳ್ಳು, ಅಡಿಗೆಮನೆ ಹತ್ರ ಒಂದು ಮುರಿದ ಮುಳ್ಳು. ಕೈ ಕುಯ್ತಿತ್ತು, ಆದ್ರೆ ಗುರುತಿತ್ತು. ನೀ ಮಾಡಿದ ಗೋಡೆಗೆ ತಳವೇ ಇಲ್ಲ. ಎಲ್ಲಿ ಮುಟ್ಟಿದ್ರೂ ಒಂದೇ."

ನಾನು ಎರಡು ತಿಂಗಳು ಎಷ್ಟು ಶ್ರದ್ಧೆಯಿಂದ ತಪ್ಪು ಮಾಡಿದ್ದೆ ಎಂದು ಆಗ ಗೊತ್ತಾಯಿತು. ಗೋಡೆಯೆಂದರೆ ನುಣ್ಣಗಿರಬೇಕು, ನಾನು ಹುಟ್ಟಿದಾಗಿನಿಂದ ಕಲಿತದ್ದು ಅಷ್ಟೇ. ಇವರನ್ನು ಒಂದು ಮಾತು ಕೇಳಿರಲಿಲ್ಲ.

"ಹಂಗಾದ್ರೆ ತಳ ಹಾಕ್ವಾ" ಎಂದೆ. "ಕುಯ್ಯದೇ ಇರೂ ತಳ."

ಶನಿವಾರ ಉಮೇಶ ಬಂದಾಗ ಅವನ ಮುಂದೆ ಹೇಳಿದೆವು. ಅವನ ಮುಖ ನೋಡಬೇಕಿತ್ತು. "ಅಂದ್ರೆ ಟೆಕ್ಸ್ಚರ್ ಬೇಕು ಹೇಳಿ ಆಯ್ತಲ" ಎಂದ.

"ಕೈಗೆ ಬೇಕು. ಕಣ್ಣಿಗಲ್ಲ" ಎಂದರು ಇವರು.

"ಅಡ್ಡಿಲ್ಲ" ಎಂದು ಅವನು ಅಂಗಿ ಬಿಚ್ಚಿದ.

ಆ ಭಾನುವಾರ ತಾಂಡೇಲರು ಕುರ್ಚಿ ತರಿಸಿಕೊಂಡು ಓಣಿಯ ನಡುವೆ ಕೂತರು. ಯಾವ ಎತ್ತರಕ್ಕೆ ಬೇಕು, ಬಾಗಿಲಿನಿಂದ ಎಷ್ಟು ಮೊದಲು ಶುರುವಾಗಬೇಕು, ಎಲ್ಲ ಅವರೇ ಹೇಳಿದರು. ಬಚ್ಚಲಿನ ಬಾಗಿಲಿಗೆ ಮೂರು ಗೇಣು ಮೊದಲು ಹಸಿ ಪುಟ್ಟಿಯ ಮೇಲೆ ಹಳೆಯ ಬಲೆಯ ತುಂಡನ್ನು ಒತ್ತಿ ಎಳೆದೆವು; ಕಣ್ಣು ಕಣ್ಣಾಗಿ ಅಚ್ಚು ಮೂಡಿತು. ಮುಂಬಾಗಿಲಿನ ಹತ್ತಿರ ನಾರಿನ ಹಗ್ಗ ಒತ್ತಿದೆವು. ಅಡುಗೆಮನೆಗೆ ಬೆಳಚಿನ ಚಿಪ್ಪಿ. ಕಾಳಿ ಹೊಳೆಯ ಬಾಯಲ್ಲಿ ಆರಿಸಿದ ಬೆಳಚನ್ನು ಬೇಯಿಸಿ ತಿಂದು, ಚಿಪ್ಪಿಗಳನ್ನು ಹಿತ್ತಲಲ್ಲಿ ಎಸೆದಿದ್ದೆ. ತೊಳೆದು ತಂದೆ. ಉಮೇಶ ಅಂಚು ಒಳಗೆ ಹೋಗುವ ಹಾಗೆ, ಉಬ್ಬಿದ ಬೆನ್ನು ಹೊರಗೆ ಬರುವ ಹಾಗೆ ಒಂದೊಂದಾಗಿ ಒತ್ತಿದ. ಎರಡು ಸಾಲು. ಒಂದೊಂದು ಒತ್ತಿದಾಗಲೂ ತನ್ನ ಕೆನ್ನೆ ಉಜ್ಜಿ ನೋಡುತ್ತಿದ್ದ, ಎಲ್ಲಾದರೂ ಕುಯ್ಯುತ್ತದೆಯೋ ಎಂದು. ಹೋಟೆಲಿನ ಗೋಡೆಗೆ ಅವನು ಕೆನ್ನೆ ಉಜ್ಜಿರಲಿಕ್ಕಿಲ್ಲ.

ಬಣ್ಣದ ಮಾತು ಬಂದಾಗ ಉಮೇಶ ಬಣ್ಣದ ಪುಸ್ತಕ ಬಿಚ್ಚಿ ಅಪ್ಪನಿಗೆ ಸಮುದ್ರದ ನೀಲಿ ಹಾಕೋಣ ಎಂದ.

"ನೀಲಿ ಬ್ಯಾಡ. ನಲವತ್ತು ವರ್ಷ ಅದನ್ನೇ ನೋಡಿದ್ದೆ" ಎಂದರು ಇವರು.

"ಕಾಣದೇ ಇರೂರಿಗೆ ಯಾವುದಾದ್ರೆ ಎಂತಾ?" ಎಂದು ನನ್ನ ಬಾಯಿಗೆ ಬಂದುಬಿಟ್ಟಿತು.

"ಇಶಾಡ್ ಹಣ್ಣು ಹೆಚ್ಚಿದ್ರೆ ಒಳಗೆ ಇರ್ತದಲ, ಆ ಬಣ್ಣ" ಎಂದರು, ನಾನು ಏನೂ ಹೇಳಲೇ ಇಲ್ಲ ಎಂಬ ಹಾಗೆ.

ಅಂಕೋಲೆಯ ಪೇಟೆಯಲ್ಲಿ ಆಗ ಇಶಾಡು ಮಾವಿನ ಕಾಲ. ಉಮೇಶ ಹಣ್ಣು ತಂದು ಹೋಳು ಮಾಡಿ, ಬಣ್ಣದ ಪುಸ್ತಕದ ಪಕ್ಕ ಹಿಡಿದು ಹೊಂದಿಸಿ ನೋಡಿದ. ಪುಸ್ತಕಕ್ಕೆ ರಸ ಅಂಟಿ ಎರಡು ಹಾಳೆ ಕೂಡಿಕೊಂಡವು. ಹಣ್ಣನ್ನು ನಾವು ತಿಂದೆವು. ಇವರಿಗೆ ಸಕ್ಕರೆ, ಒಂದು ಚೂರು ಮಾತ್ರ ಕೊಟ್ಟೆ. ಹಠ ಹಿಡಿದು ಗೊರಟೆ ತೆಗೆದುಕೊಂಡು ಚೀಪಿದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಉಮೇಶ ಎರಡು ದಿನ ರಜೆ ಹಾಕಿ ಎರಡು ಕೋಟು ಹೊಡೆದ. ಎರಡನೆಯದು ಒಣಗಿದ ಮೇಲೆ ಮೂರು ದಿನ ಬಿಟ್ಟು ಮಳೆ ಬಂತು.

ಇವರು ಆಮೇಲೆ ಒಂಬತ್ತು ಮಳೆಗಾಲ ಆ ಗೋಡೆ ಹಿಡಿದು ನಡೆದರು. ಬೆರಳು ಹತ್ತೂ ಉಳಿದಿದ್ದವು. ಸೊಂಟದ ಎತ್ತರಕ್ಕೆ ಗೋಡೆಯುದ್ದಕ್ಕೂ ಕೈಯ ಜಿಡ್ಡಿನ ಕಪ್ಪು ಗೆರೆ ಬಿದ್ದಿದೆ. ಸೋಪು ಹಾಕಿ ತಿಕ್ಕಿದೆ, ಹೋಗಲಿಲ್ಲ. ಉಮೇಶನ ಮನೆಗೆ ಬಂದವರು ಯಾಕೆ ಬಣ್ಣ ಹೊಡೆಸಿಲ್ಲ ಎಂದು ಕೇಳುತ್ತಾರೆ. ಪೇಂಟರನ ಮನೆ ಹಾಗೇ ಇರುತ್ತದೆ ಎಂದು ಅವನು ಹೇಳುತ್ತಾನೆ. ಅಶ್ವಿನಿ, ನಿನ್ನ ಗೋಡೆಗೆ ಬೇಕಾದ್ದು ಮಾಡಿಸು. ಮೊದಲು ಕೆನ್ನೆ ಉಜ್ಜಿ ನೋಡು.

ನಾನು ಬರೆಯಬೇಕೆಂದಿದ್ದುದು ಆ ಮೊದಲ ಮಳೆಯ ದಿನದ್ದು. ಮಧ್ಯಾಹ್ನ. ಜಗಲಿಯಲ್ಲಿ ನಾನೂ ಶೈಲಾಳೂ ಮಳೆಗಾಲಕ್ಕೆಂದು ಒಣಗಿಸಿದ ಮೀನು ಬುಟ್ಟಿಗೆ ತುಂಬುತ್ತಿದ್ದೆವು. ಬಣ್ಣ ಹೊಡೆದಾಗಿನಿಂದ ಇವರು ಮಂಚ ಬಿಟ್ಟಿರಲಿಲ್ಲ. ಇಂದು, ನಾಳೆ ಎನ್ನುತ್ತಿದ್ದರು. ನಾನೂ ಒತ್ತಾಯ ಮಾಡಿರಲಿಲ್ಲ. ನಕ್ಕ ಬಾಯಿಗೆ ಒತ್ತಾಯ ಮಾಡುವ ಧೈರ್ಯವಿರಲಿಲ್ಲ. ಹೆಂಚಿನ ಮೇಲೆ ದಪ್ಪ ಹನಿ ಬೀಳತೊಡಗಿತು. ಒಳಗೆ ಮಂಚ ಕಿರ್ ಎಂದಿತು.

ಗೋಡೆಯ ಮೇಲೆ ಅಂಗೈ ಎಳೆಯುವ ಸದ್ದು. ನಿಂತಿತು. ಚಿಪ್ಪಿಯ ಮೇಲೆ ಉಗುರಿನ ಟಕ್ ಟಕ್. ಶೈಲಾ ಏಳಲು ಹೋದಳು. ಅವಳ ಸೆರಗು ಹಿಡಿದು ಕೂರಿಸಿದೆ. ಮತ್ತೆ ಅಂಗೈ. ತುಂಬ ಹೊತ್ತು ಬರೀ ಅಂಗೈ. ಓಣಿಯ ಕೊನೆಯಲ್ಲಿ ಬಚ್ಚಲಿನ ಬಾಗಿಲು ತೆರೆದ ಸದ್ದು, ನೀರು ಸುರಿದ ಸದ್ದು. ಶೈಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಮೀನು ತುಂಬುತ್ತಲೇ ಇದ್ದೆ. ಯಾವುದನ್ನು ಯಾವ ಬುಟ್ಟಿಗೆ ಹಾಕಿದೆನೋ ನನಗೇ ಗೊತ್ತಿಲ್ಲ.

ಆಮೇಲೆ ಅಂಗೈ ಈ ಕಡೆ ಬಂತು. ಮುಂಬಾಗಿಲಿನ ಹಗ್ಗದ ಅಚ್ಚಿನ ಮೇಲೆ ಬೆರಳು ಆಡಿತು. ಇವರು ಹೊಸಿಲು ದಾಟಿ ಬಂದು, ಮಳೆಯ ಕಡೆ ಮುಖ ಮಾಡಿ ನಿಂತರು. ಎರಚಲು ಮುಖಕ್ಕೆ ಬಡಿಯುತ್ತಿತ್ತು.

"ಉಮ್ಯಾ ಬಂದಾಗ ಹೇಳು" ಎಂದರು. "ಅಡಿಗೆಮನೆ ಹತ್ರ ಮೇಲಿನ ಸಾಲಲ್ಲಿ ಎರಡನೇ ಚಿಪ್ಪಿ ಅಲ್ಲಾಡ್ತದೆ. ಕೆಲಸ ಸರಿ ಆಗ್ಲಿಲ್ಲ."

"ಹೇಳ್ತೆ" ಎಂದೆ. "ನಿಂತ್ಕಂಡು ಎಂತಾ ಮಾಡ್ತ್ರಿ? ಮೀನು ನೆನೀತದೆ. ಈ ಬುಟ್ಟಿ ಒಳಗೆ ಇಡಿ."

ಎಡಗೈಯಲ್ಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಬಲಗೈ ಗೋಡೆಗೆ ಹಾಕಿ, ಒಳಗೆ ಹೋದರು.